ಸ್ಟುಡಿಯೋ ಪರದೆಯ ಡೇರೆ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಬ್ಬಳದಕ್ಕ ಎಂದರೆ ಮಾತ್ರ ಟೈರಿನಂಗಡಿಯವನು ಕೈಯಲ್ಲಿದ್ದ ಸ್ಪ್ಯಾನರನ್ನೇ ಚಾಚಿ ದಾರಿ ತೋರಿಸುತ್ತಿದ್ದ. ಲಾರಿಗಳ ಟಾರ್ಪಾಲು, ಕಾರುಗಳ ಸೀಟು, ಅಂಗಡಿಗಳ ಮುಂದೆ ಇಳಿಬಿಡುವ ನೆರಳುಬಟ್ಟೆ, ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಗೋಣಿ ಹೊಲಿಯುವ ದಪ್ಪ ಸೂಜಿ, ಆ ದಬ್ಬಳ, ಅವಳಿಗೆ ಇನ್ನೊಂದು ಬೆರಳಿದ್ದ ಹಾಗೆ. ಮೇಣ ಹಚ್ಚಿದ ದಾರವನ್ನು ಸದಾ ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆ. ಕೇಳಿದ್ದಕ್ಕೆ ‘ಹೂಂ’, ಒಪ್ಪದಿದ್ದರೆ ‘ಊಹೂಂ’. ಅಷ್ಟರಲ್ಲೇ ಸಂಸಾರ ಸಾಗಿಸಿದವಳು.

ಅವಳ ಪಾಲಿನ ಮಾತನ್ನೂ ಸೇರಿಸಿ ಗಂಡನೇ ಆಡುತ್ತಿದ್ದ. ಶಾಲೆಯ ವ್ಯಾನು ಓಡಿಸುವವನು; ಮಕ್ಕಳು ವ್ಯಾನ್ ಮಾಮ ಎಂದು ಕರೆದು ಕರೆದು ಅವರ ಅಪ್ಪ ಅಮ್ಮಂದಿರಿಗೂ ಅವನು ಮಾಮನೇ ಆಗಿಹೋಗಿದ್ದ. ಬಾಯಿ ತೆರೆದರೆ ಅರಳು ಹುರಿದ ಹಾಗೆ. “ನಮ್ಮಣ್ಣನ ವ್ಯಾನಿಗೆ ಬ್ರೇಕಿದೆ, ಬಾಯಿಗಿಲ್ಲ. ಉಲ್ಟಾ ಆಗಿದ್ದಿದ್ರೆ ಏನು ಗತಿ!” ಎಂದು ಅವನ ತಂಗಿಯೇ ನಗುತ್ತಿದ್ದಳು. ಈ ನಾದಿನಿ ಅದೇ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಣ್ಣ ಅತ್ತಿಗೆಯರ ಜೊತೆಗೇ ಇದ್ದಳು.

ಬೇಸಿಗೆ ರಜೆ ಬಂತೆಂದರೆ ಶಾಲೆಯ ಜೊತೆಗೆ ವ್ಯಾನಿಗೂ ರಜೆ. ಮಾಮ ಸೀಟುಗಳ ಬೋಲ್ಟು ಬಿಚ್ಚಿ ಹೆಂಡತಿಯ ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸುತ್ತಿದ್ದ. ವರ್ಷವಿಡೀ ಮಕ್ಕಳು ಪೆನ್ಸಿಲ್ಲಿನಲ್ಲಿ ಚುಚ್ಚಿ ಕಿತ್ತ ಸ್ಪಂಜನ್ನೆಲ್ಲ ಅವಳು ರಿಪೇರಿ ಮಾಡಬೇಕು. ಖಾಲಿಯಾದ ವ್ಯಾನಿಗೆ ಚಾಪೆ, ಸ್ಟೌವು, ನೀರಿನ ಕ್ಯಾನು ಹಾಕಿಕೊಂಡು ಮೂವರೂ ಹೊರಟುಬಿಡುವರು. ಕೆರೆ ಕಂಡರೆ ಕೆರೆ, ಗುಡ್ಡ ಕಂಡರೆ ಗುಡ್ಡ. ಎರಡು ಮೂರು ದಿನ ಇದ್ದು, ಬಟ್ಟೆಯೆಲ್ಲ ಧೂಳು ಮಾಡಿಕೊಂಡು ಮನೆಗೆ ಬಂದು, ಮತ್ತೆ ಹೊರಡುವರು.

ಆ ವರ್ಷ ನಾದಿನಿ ಒಂದು ಕಟ್ಟಳೆ ಹಾಕಿದಳು. “ಈ ಸಲ ಕೊಂಡ್ಕೊಂಡ ಸಾಮಾನು ಬೇಡ. ಏನೇ ಬೇಕಾದ್ರೂ ಕೈಯಲ್ಲೇ ಮಾಡ್ಕೋಬೇಕು. ನಾನು ಗಾಳಿಪಟ ಮಾಡ್ತೀನಿ, ಅಣ್ಣ ತೆಪ್ಪ ಮಾಡ್ಲಿ. ಅತ್ತಿಗೆ, ನೀವು ಟೆಂಟು.”

“ಹೂಂ,” ಎಂದಳು ದಬ್ಬಳದಕ್ಕ.

ಬಟ್ಟೆ ತಾನಾಗಿಯೇ ಒದಗಿತು. ಬೀದಿಯ ಕೊನೆಯಲ್ಲಿದ್ದ ಫೋಟೋ ಸ್ಟುಡಿಯೋ ಮುಚ್ಚುವುದರಲ್ಲಿತ್ತು. ಅದರ ಮುದುಕ ಯಜಮಾನರು ಔಷಧಿ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಗೆ ಸಾಮಾನು ಸಾಗಿಸುತ್ತಿದ್ದರು. ಗೋಡೆಯ ತುಂಬ ಇಳಿಬಿಟ್ಟಿದ್ದ ಬಣ್ಣದ ಪರದೆಗೆ ಆ ಕೋಣೆಯಲ್ಲಿ ಜಾಗವಿರಲಿಲ್ಲ. ಕಂಬ, ಮೆಟ್ಟಿಲು, ಹಿಂದೊಂದು ಕೊಳ, ಕೊಳದಲ್ಲಿ ಹಂಸ. ಆ ಊರಿನಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಆ ಹಂಸದ ಮುಂದೆ ಕೂತವರೇ.

“ತಗೊಂಡು ಹೋಗಮ್ಮ, ಗಟ್ಟಿ ಬಟ್ಟೆ,” ಎಂದರು ಸ್ಟುಡಿಯೋ ತಾತ. “ಬದಲಿಗೆ ನನ್ನ ಸೊಂಟಕ್ಕೊಂದು ದಿಂಬು ಹೊಲಿದುಕೊಡು, ಸಾಕು.”

ಅವಳು ಪರದೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಉಜ್ಜಿ, ಮತ್ತೆ ನೆನೆಹಾಕಿದಳು. ನೀರು ಮೊದಲು ನೀಲಿಯಾಯಿತು, ಆಮೇಲೆ ಹಸಿರಾಯಿತು, ಕೊನೆಗೆ ಬೂದಿ ಕದಡಿದ ಹಾಗಾಯಿತು. ಕಂಬವೂ ಕೊಳವೂ ತೊಳೆದುಹೋದವು. ಒಣಗಿದ ಮೇಲೆ ಬಟ್ಟೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು, ದೀಪಕ್ಕೆ ಹಿಡಿದರೆ ಬೆಳಕು ಸ್ವಲ್ಪ ಹಾಯುತ್ತಿತ್ತು. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎರಡೆರಡು ಸಾಲು ಹೊಲಿಗೆ ಹಾಕಿ, ಮೂವರು ಕಾಲು ಚಾಚಿ ಮಲಗುವಂಥ ಡೇರೆ ಮಾಡಿದಳು. ಎಷ್ಟು ಮಂದಿಯ ಸಾಮಾನು ಹೊಲಿದಿದ್ದಳೋ! ತನಗೆಂದು ಹೊಲಿದದ್ದು ಅದೇ ಮೊದಲು.

ಮೊದಲ ಪಯಣ ದೊಡ್ಡ ಕೆರೆಯೊಂದರ ದಡಕ್ಕೆ. ಮಾಮ ಲಾರಿಯ ಟ್ಯೂಬುಗಳಿಗೆ ಹಲಗೆ ಬಿಗಿದು ಮಾಡಿದ ತೆಪ್ಪ ನೀರಿಗಿಳಿದ ಸ್ವಲ್ಪ ಹೊತ್ತಿಗೇ ಒಂದು ಕಡೆಗೆ ವಾಲಿತು. ಅವನು “ಮುಳುಗಲ್ಲ, ಮುಳುಗಲ್ಲ” ಎನ್ನುತ್ತಲೇ ಮುಳುಗಿ, ತಲೆಯ ಮೇಲೆ ಪಾಚಿ ಹೊತ್ತುಕೊಂಡು ಎದ್ದ. ನಾದಿನಿ ದಡದ ಜೇಡಿಮಣ್ಣಿನಲ್ಲಿ ಬಾತುಕೋಳಿ ಮಾಡುತ್ತ, “ಕೈಯೇನೋ ಕೆಸರಾಯ್ತು, ಬಾಯಿಗೆ ಮೊಸರೆಲ್ಲಿ ಅತ್ತಿಗೆ?” ಎಂದು ತಟ್ಟೆ ಬಡಿದಳು. ಇಷ್ಟು ನಕ್ಕು ಎಷ್ಟು ಕಾಲವಾಯಿತೋ ಎಂದುಕೊಂಡಳು ದಬ್ಬಳದಕ್ಕ.

ಹೊತ್ತು ಮುಳುಗುವಾಗ ಅವಳು ಪಾತ್ರೆ ತೊಳೆಯಲು ನೀರಿನ ಬಳಿ ಹೋದಳು. ತಿರುಗಿ ನೋಡಿದರೆ ಡೇರೆಯೊಳಗೆ ಲಾಟೀನು ಹಚ್ಚಿದ್ದರು. ತಾನು ಹೊಲಿದದ್ದು ಹಾಗೆ ಒಳಗಿನಿಂದ ಬೆಳಗುವುದನ್ನು ಕಂಡು ಅವಳ ಎದೆ ತುಂಬಿತು. ಬಟ್ಟೆಯ ಮೇಲೆ ನೆರಳುಗಳು: ಕೈ ಬೀಸಿ ಬೀಸಿ ಮಾತಾಡುವುದು ಗಂಡ, ಜಡೆ ಬಿಚ್ಚಿ ಬಾಚಿಕೊಳ್ಳುವುದು ನಾದಿನಿ. ಇಬ್ಬರ ಆಚೆಗೆ, ಒಂದು ಪಟ್ಟಿಯ ನಡುವೆ, ಇನ್ನೊಬ್ಬರು ಕೂತಿದ್ದರು. ಬೆನ್ನು ನೆಟ್ಟಗೆ, ಕೈಗಳೆರಡೂ ಮಂಡಿಯ ಮೇಲೆ. ಅಲುಗಾಟವಿಲ್ಲ.

ಸಾಮಾನಿನ ಗಂಟಿರಬೇಕು ಎಂದುಕೊಂಡಳು. ಗಂಟಿಗೆ ಕತ್ತು ಇರುತ್ತದೆಯೇ ಎಂದು ಆಮೇಲೆ ಅನ್ನಿಸಿತು. ಒಳಗೆ ಹೋಗಿ ನೋಡಿದರೆ ಆ ಜಾಗದಲ್ಲಿ ಏನೂ ಇರಲಿಲ್ಲ. ಗಂಟೆಲ್ಲ ವ್ಯಾನಿನಲ್ಲೇ ಇತ್ತು. ಹಗ್ಗ ಕಂಡು ಹಾವು ಎನ್ನುವ ವಯಸ್ಸು ತನ್ನದಲ್ಲ ಎಂದು ಸುಮ್ಮನಾದಳು.

ಎರಡನೆಯ ಸಲ ಬಂಡೆಗಳ ಗುಡ್ಡಕ್ಕೆ ಹೋದರು. ಬೆಳಗಿನಿಂದ ಹತ್ತಿ, ಜಾರಿ, ಮಂಡಿ ತರಚಿಕೊಂಡು, ತುದಿಯಲ್ಲಿ ಗಾಳಿಪಟ ಹಾರಿಸಿ ಇಳಿದರು. ಸಂಜೆ ಮಾಮ ಕಾಲು ನೋವೆಂದು ಡೇರೆಯೊಳಗೆ ದೀಪ ಹಚ್ಚಿಕೊಂಡು ಕೂತ. ಹೆಂಗಸರಿಬ್ಬರೂ ಸೌದೆ ಆರಿಸಿಕೊಂಡು ಬರುತ್ತಿದ್ದರು. ನಾದಿನಿ ಗಕ್ಕನೆ ನಿಂತಳು.

“ಅತ್ತಿಗೆ, ಒಳಗೆ ಅಣ್ಣ ಒಬ್ಬನೇ ಅಲ್ವಾ ಇರೋದು?”

ದಬ್ಬಳದಕ್ಕ ಡೇರೆಯ ಕಡೆ ನೋಡಿದಳು. ಅದೇ ಬೆನ್ನು, ಅದೇ ಮಂಡಿಯ ಮೇಲಿನ ಕೈ. ಅದರ ಪಕ್ಕಕ್ಕೇ, ಭುಜಕ್ಕೆ ಭುಜ ತಾಗುವಂತೆ, ಅವಳ ಗಂಡನ ನೆರಳು.

“ರೀ, ಸ್ವಲ್ಪ ಹೊರಗೆ ಬನ್ನಿ,” ಎಂದು ಕೂಗಿದಳು. ಅವಳು ಕೂಗುವುದೇ ಅಪರೂಪವಾದ್ದರಿಂದ ಅವನು ಕುಂಟುತ್ತ ಓಡಿಬಂದ. ಅವನ ನೆರಳು ಬಟ್ಟೆಯಿಂದ ಹೋಯಿತು. ಇನ್ನೊಂದು ಹೋಗಲಿಲ್ಲ. ಒಂದು ಗಳಿಗೆ ಹಾಗೆಯೇ ಇದ್ದು, ಅವನು ಎದ್ದುಹೋದ ಕಡೆಗೆ ತಲೆ ತಿರುಗಿಸಿತು. ಬೆಂಚಿನ ಮೇಲೆ ಕೂತವರು ಪಕ್ಕದವರಿಗಾಗಿ ಸರಿಯುವಂತೆ ಚೂರೇ ಚೂರು ಸರಿದು, ಮತ್ತೆ ನೆಟ್ಟಗೆ ಕೂತುಕೊಂಡಿತು.

ನಾದಿನಿಯ ಕೈಯಿಂದ ಸೌದೆ ಬಿತ್ತು. ಮಾಮ ತಿರುಗಿ ನೋಡುವಷ್ಟರಲ್ಲಿ ಗಾಳಿ ಬೀಸಿ ದೀಪ ಆರಿತ್ತು.

“ಏನ್ರೇ ಇಬ್ರೂ ದೆವ್ವ ಕಂಡೋರ ಹಾಗೆ ನಿಂತಿದೀರಿ?” ಎಂದು ಅವನು ನಕ್ಕ. ಆಮೇಲೆ ತಲೆ ಕೆರೆದುಕೊಂಡು ಹೇಳಿದ: “ಒಳಗೆ ಆ ಮೂಲೆ ಇದೆಯಲ್ಲ, ತುಂಬಾ ಹಾಯಾಗಿದೆ. ಅಲ್ಲಿ ಕೂತ್ರೆ ಏಳೋಕೇ ಮನಸ್ಸಾಗಲ್ಲ.”

ಮನೆಗೆ ಬಂದ ಮೇಲೆ ನೆರಳಿನ ವಿಷಯ ಹೇಳಿದರೆ ಅವನು ನಂಬಲಿಲ್ಲ, ಅಲ್ಲಗಳೆಯಲೂ ಇಲ್ಲ. ಹಿಂದಿನ ಮಾಮನಾಗಿದ್ದರೆ ಅದರ ಮೇಲೊಂದು ಕಥೆ ಕಟ್ಟಿ ಬೀದಿಗೆಲ್ಲ ಹಂಚಿ ಬರುತ್ತಿದ್ದ. ಈಗ “ಇರಲಿ ಬಿಡು” ಎಂದು ಎದ್ದುಹೋದ. ಮಾರನೆಯ ದಿನ ಒಣಗಿಸುವ ನೆಪದಲ್ಲಿ ಡೇರೆಯನ್ನು ಹಿತ್ತಲಲ್ಲಿ ಕಟ್ಟಿದ. ಸಂಜೆಯಾದರೆ ಸಾಕು, ದೀಪ ಹಿಡಿದುಕೊಂಡು ಅದರೊಳಗೆ ಹೋಗಿ ಕೂರತೊಡಗಿದ. ಊಟಕ್ಕೆ ಕರೆದರೆ ಬರುತ್ತಿದ್ದ, ತಿನ್ನುತ್ತಿದ್ದ, ಮತ್ತೆ ಹೋಗುತ್ತಿದ್ದ. ಅರಳು ಹುರಿಯುತ್ತಿದ್ದ ಬಾಯಿಗೆ ಬೀಗ ಬಿದ್ದಿತ್ತು. ದಬ್ಬಳದಕ್ಕ ಹಲ್ಲಲ್ಲಿನ ದಾರ ತೆಗೆದು ತಾನೇ ಏನಾದರೂ ಮಾತಾಡಲು ನೋಡಿದರೆ ಅವನು ‘ಹೂಂ’ ಎನ್ನುತ್ತಿದ್ದ. ತನ್ನದೇ ‘ಹೂಂ’ ಬೇರೆಯವರ ಬಾಯಿಂದ ಬಂದಾಗ ಎಷ್ಟು ತಣ್ಣಗಿರುತ್ತದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಇಬ್ಬರೂ ಕೂತಿದ್ದರು. ಅವನೂ ಬೆನ್ನು ನೆಟ್ಟಗೆ ಮಾಡಿ, ಕೈಗಳೆರಡನ್ನೂ ಮಂಡಿಯ ಮೇಲಿಟ್ಟುಕೊಂಡು, ಅಲುಗಾಡದೆ ಕೂತಿದ್ದ.

ನಾದಿನಿಯನ್ನು ಕರೆದು ಕಿವಿಯಲ್ಲಿ ಹೇಳಿದಳು, “ಹೋಗಿ ದೀಪನ ಆ ಕಡೆಯಿಂದ ಈ ಕಡೆಗೆ ಇಡು. ಏನೂ ಮಾತಾಡ್ಬೇಡ.”

ನಾದಿನಿ ಹೋಗಿ ದೀಪ ಸರಿಸಿದಳು. ಗಂಡನ ನೆರಳು ಹಾರಿ ಎದುರಿನ ಪಟ್ಟಿಗೆ ಬಿತ್ತು, ನಾದಿನಿಯದೂ ಬಿತ್ತು. ಆ ಇನ್ನೊಂದು ಮಾತ್ರ ಇದ್ದಲ್ಲೇ ಇತ್ತು. ಜೀವಮಾನವೆಲ್ಲ ಬಟ್ಟೆಯ ಜೊತೆ ಕಳೆದವಳು ಅವಳು. ಇದು ದೀಪದ್ದಲ್ಲ, ಬಟ್ಟೆಯದು ಎಂದು ಅರ್ಥವಾಯಿತು. ಯಾವ ಪಟ್ಟಿ ಎಂದೂ ಗುರುತಿಸಿದಳು. ಪರದೆಯ ನಟ್ಟನಡುವಿನದು, ಮೆಟ್ಟಿಲಿನ ಚಿತ್ರವಿದ್ದದ್ದು. ಫೋಟೋಗೆ ಕೂತವರ ಬೆನ್ನ ಹಿಂದೆ ಬರುತ್ತಿದ್ದದ್ದು.

ಮರುದಿನ ಹೊಸ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಔಷಧಿ ಅಂಗಡಿಯ ಮಹಡಿ ಹತ್ತಿದಳು. ಸ್ಟುಡಿಯೋ ತಾತ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ದಿಂಬನ್ನು ಬೆನ್ನಿಗೆ ಕೊಟ್ಟು, “ಆಹಾ” ಎಂದರು.

“ತಾತ, ಒಂದು ಕೇಳ್ತೀನಿ. ನಿಮ್ಮ ಪರದೆ ಮುಂದೆ ಯಾರಾದ್ರೂ ತುಂಬಾ ಹೊತ್ತು ಕೂತಿದ್ರಾ?”

ಎಂಥ ಪ್ರಶ್ನೆ ಎಂದು ಅವರು ಕೇಳಲಿಲ್ಲ. ಕಿಟಕಿಯ ಕಡೆಗೆ ಮುಖ ಮಾಡಿ ಹೇಳಿದರು.

“ಒಬ್ಬಳು ಬರ್ತಿದ್ದಳು. ನಾನು ಸ್ಟುಡಿಯೋ ಇಟ್ಟ ಹೊಸದು, ಇದೇ ಥರ ಬೇಸಿಗೆ. ಚೆನ್ನಾಗಿ ತಲೆ ಬಾಚ್ಕೊಂಡು, ಪೌಡರ್ ಹಚ್ಕೊಂಡು ಬಂದು ಬೆಂಚಿನ ಒಂದು ತುದೀಲಿ ಕೂತ್ಲು. ‘ಅವ್ರು ಬರ್ತಾರೆ, ಬಂದ ಮೇಲೆ ಇಬ್ರದೂ ತೆಗೀರಿ’ ಅಂದ್ಲು. ಅವನು ಬರಲಿಲ್ಲ. ಮಾರನೇ ದಿನ ಮತ್ತೆ ಬಂದ್ಲು. ಹಾಗೇ ಇಡೀ ಬೇಸಿಗೆ ಕಣಮ್ಮಾ. ನಿನ್ನೊಬ್ಬಳದೇ ತೆಗೀತೀನಿ ತಾಯಿ ಅಂದ್ರೆ, ‘ಬರ್ತಾರೆ, ಸ್ವಲ್ಪ ಕಾಯಿರಿ’ ಅನ್ನೋಳು. ಬೇರೆ ಗಿರಾಕಿ ಬಂದ್ರೆ ಎದ್ದು ಜಾಗ ಬಿಡೋಳು. ಅವ್ರು ಹೋದ ಮೇಲೆ ಮತ್ತೆ ಬಂದು ಕೂತ್ಕೊಳ್ಳೋಳು.”

“ಆಮೇಲೆ?”

“ಮಳೆ ಶುರುವಾದ ಮೇಲೆ ಬರಲಿಲ್ಲ. ಏನಾದಳೋ, ಯಾರ ಮನೆಯವಳೋ, ಗೊತ್ತಿಲ್ಲ. ಊರಿನೋರ ಮುಖ ಎಲ್ಲಾ ತೆಗೆದಿದೀನಿ, ಒಂದೂ ನೆನಪಿಲ್ಲ ನೋಡು. ತೆಗೀದೇ ಉಳಿದದ್ದು ಅದೊಂದೇ. ಅದೊಂದು ಮುಖ ಮಾತ್ರ ಹಾಗೇ ಇದೆ.”

ದಬ್ಬಳದಕ್ಕ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡಳು. ಕಾಯುವವಳ ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿ ಹೋಗಿ ಕೂತವನು ತನ್ನ ಗಂಡ.

ಮನೆಗೆ ಬಂದವಳೇ ಕತ್ತರಿ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಮಾಮ ಆಗಲೇ ಒಳಗೆ ಕೂತಿದ್ದ. ಬಿಸಿಲಿನ್ನೂ ಇತ್ತು, ದೀಪ ಹಚ್ಚಿರಲಿಲ್ಲ.

“ಏನು ಮಾಡ್ತಿದೀಯ?” ಎಂದ.

“ಈ ಪಟ್ಟಿ ಬಿಚ್ತೀನಿ.”

“ಬೇಡ ಕಣೇ.” ಅವನ ದನಿ ಮಗುವಿನ ದನಿಯಾಗಿತ್ತು. “ನಮ್ಮ ಪಾಡಿಗೆ ನಾವು ಕೂತಿದೀವಿ. ಯಾರಿಗೇನು ತೊಂದ್ರೆ?”

‘ನಾವು’ ಎಂಬ ಆ ಮಾತು ದಬ್ಬಳದ ಮೊನೆಯ ಹಾಗೆ ಒಳಗಿಳಿಯಿತು. ತಾನೇ ಹಾಕಿದ ಎರಡು ಸಾಲು ಹೊಲಿಗೆಯನ್ನು ಒಂದೊಂದಾಗಿ ಕಿತ್ತಳು. ಗಟ್ಟಿ ಹೊಲಿಗೆ, ತನ್ನ ಕೈಗೆ ತಾನೇ ಶಾಪ ಹಾಕಿಕೊಂಡಳು. ಅವನು ತಡೆಯಲಿಲ್ಲ, ಆದರೆ ಆ ಕಡೆಯಿಂದ ಬಟ್ಟೆಯ ಅಂಚನ್ನು ಹಿಡಿದೇ ಇದ್ದ. ಕೊನೆಯ ಹೊಲಿಗೆ ಬಿಚ್ಚಿದ ಮೇಲೆ ಅವನ ಬೆರಳುಗಳನ್ನು ಬಿಡಿಸಬೇಕಾಯಿತು.

ಪಟ್ಟಿಯನ್ನು ಮಡಿಚಿ ಎತ್ತಿಕೊಂಡಳು. ಸುಡುವುದೇ ಎಂದು ಯೋಚಿಸಿದಳು. ಇಡೀ ಬೇಸಿಗೆ ಕಾದವಳಿಗೆ ಬೆಂಕಿಯೇ ಎನ್ನಿಸಿ ಕೈ ಬರಲಿಲ್ಲ. ನಾದಿನಿಯನ್ನು ಜೊತೆಗೆ ಕರೆದುಕೊಂಡು ಮತ್ತೆ ಮಹಡಿ ಹತ್ತಿದಳು.

ತಾತನಿಗೆ ಎಲ್ಲವನ್ನೂ ಹೇಳಿದಳು. ಅಷ್ಟು ಉದ್ದದ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಅವರು ನಗಲಿಲ್ಲ. “ಕಿಟಕಿಗೆ ಕಟ್ಟು,” ಎಂದರು.

ಪಡುವಣ ಕಿಟಕಿ, ಇಳಿಬಿಸಿಲು ನೇರವಾಗಿ ಬೀಳುತ್ತಿತ್ತು. ಇಬ್ಬರೂ ಸೇರಿ ಬಟ್ಟೆಯನ್ನು ಸರಳುಗಳಿಗೆ ಬಿಗಿದು ಕಟ್ಟಿದರು. ಹೊರಗೆ ಬಾಲ್ಕನಿಯಿಲ್ಲ, ಮರವಿಲ್ಲ. ಕೆಳಗೆ ಬೀದಿ, ಅಷ್ಟೆ. ಬಟ್ಟೆ ಕೆಂಪಗೆ ಬೆಳಗಿತು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ, ಒದ್ದೆ ನೆಲ ಒಣಗುವಾಗ ಕಲೆ ಮೂಡುವ ಹಾಗೆ, ನಿಧಾನವಾಗಿ ಭುಜ ಮೂಡಿತು, ಕತ್ತು ಮೂಡಿತು, ಮಂಡಿಯ ಮೇಲಿನ ಕೈಗಳು ಮೂಡಿದವು. ನಾದಿನಿ ಅತ್ತಿಗೆಯ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು.

ತಾತ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. ಪೊರೆ ಬಂದ ಆ ಕಣ್ಣಿಗೆ ಎಷ್ಟು ಕಂಡಿತೋ. ಎದ್ದು, ಗೋಡೆ ಸವರುತ್ತ ಹೋಗಿ, ಟ್ರಂಕಿನ ಮೇಲಿದ್ದ ಹಳೆಯ ಕ್ಯಾಮೆರಾ ತಂದರು. ಅದರಲ್ಲಿ ಫಿಲಂ ಇಲ್ಲವೆಂದು ಮೂವರಿಗೂ ಗೊತ್ತಿತ್ತು.

“ಅವನು ಬರಲ್ಲ ತಾಯಿ,” ಎಂದರು ಕಿಟಕಿಯ ಕಡೆಗೆ. “ನಿನ್ನೊಬ್ಬಳದೇ ತೆಗೀತೀನಿ. ಎಲ್ಲಿ, ಸ್ವಲ್ಪ ಗಲ್ಲ ಮೇಲೆತ್ತು.”

ನೆರಳಿನ ಗಲ್ಲ ಮೇಲೆದ್ದಿತು.

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ತಾತ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು. “ಇನ್ನೊಂಚೂರು. ಹಾಂ. ಅಲ್ಲಾಡ್ಬೇಡ.” ಟಕ್ ಎಂದಿತು ಕ್ಯಾಮೆರಾ.

ನೆರಳು ಕೂತೇ ಇತ್ತು.

“ಆಯ್ತಮ್ಮ, ಆಯ್ತು. ಇನ್ನು ಏಳಬಹುದು.” ತಾತ ದಬ್ಬಳದಕ್ಕನ ಕಡೆ ತಿರುಗಿ, ಗಿರಾಕಿಗಳ ಬಗ್ಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: “ಎಲ್ಲರೂ ಹಾಗೇ. ಮುಗೀತು ಅಂದ್ರೂ ನಂಬೋದೇ ಇಲ್ಲ.”

ಮಂಡಿಯ ಮೇಲಿಂದ ಕೈಗಳು ಜಾರಿದವು. ಅದು ಎದ್ದು ನಿಂತಿತು, ಅಂದುಕೊಂಡದ್ದಕ್ಕಿಂತ ಎತ್ತರವಿತ್ತು. ಬಟ್ಟೆಯಿಂದ ದೂರಕ್ಕೆ, ಬೆಳಕಿನ ಕಡೆಗೆ ನಡೆದವರ ನೆರಳು ಹಿಗ್ಗುವಂತೆ ದೊಡ್ಡದಾಗುತ್ತ ಹೋಯಿತು. ಕಿಟಕಿಯ ತುಂಬ ಹರಡಿ, ಅಂಚು ಮಸುಕಾಗಿ, ಕೋಣೆಯೆಲ್ಲ ಒಂದು ಗಳಿಗೆ ಕತ್ತಲಾಯಿತು. ಆಮೇಲೆ ಬಟ್ಟೆಯ ಮೇಲೆ ಬರೀ ಬಿಸಿಲಿತ್ತು. ಆಚೆ ಕಡೆ ಕಾಲಿಡಲು ಗಾಳಿಯ ಹೊರತು ಏನೂ ಇಲ್ಲವೆಂಬುದು ನೆನಪಾಗಿ ದಬ್ಬಳದಕ್ಕನ ಮೈ ಝುಮ್ಮೆಂದಿತು.

“ಇದು ಇಲ್ಲೇ ಇರಲಿ,” ಎಂದರು ತಾತ. “ಹೇಗೂ ಸಂಜೆ ಹೊತ್ತು ಬಿಸಿಲು ಕಣ್ಣಿಗೆ ಹೊಡೆಯುತ್ತೆ.”

ಅವರು ಮನೆಗೆ ಬಂದಾಗ ಮಾಮ ಹಿತ್ತಲಲ್ಲಿ ಅಂಗಾತ ಮಲಗಿ ನಿದ್ದೆ ಹೋಗಿದ್ದ. ಎರಡು ದಿನ ಎದ್ದು ತಿಂದು ಮಲಗಿದ್ದೇ ಆಯಿತು. ಮೂರನೆಯ ದಿನ ಬೆಳಿಗ್ಗೆ ಟೈರಿನಂಗಡಿಯವನಿಗೆ ತನ್ನ ತೆಪ್ಪ ಹೇಗೆ ಮುಳುಗಿತೆಂದು ಕೈ ಬೀಸಿ ಬೀಸಿ ಹೇಳುವುದು ಅಂಗಡಿಯೊಳಕ್ಕೆ ಕೇಳಿಸಿತು. ತೆಪ್ಪ ಆಗಲೇ ದೋಣಿಯಾಗಿತ್ತು, ಕೆರೆ ಸಮುದ್ರವಾಗಿತ್ತು. ದಬ್ಬಳದಕ್ಕ ಹೊಲಿಗೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

ಶಾಲೆ ತೆರೆಯುವ ಮೊದಲು ಒಮ್ಮೆ ಸಮುದ್ರಕ್ಕೆ ಹೋಗಿಬಂದರು. ಖಾಲಿಯಾದ ಪಟ್ಟಿಯ ಜಾಗಕ್ಕೆ ಅವಳು ವ್ಯಾನಿನ ಸೀಟಿನ ಹಳದಿ ರೆಕ್ಸಿನ್ ಹೊಲಿದಿದ್ದಳು. ಡೇರೆ ತೇಪೆ ಹಾಕಿದ ಚೀಲದಂತೆ ಕಾಣುತ್ತಿತ್ತು. ಒಳಗೆ ದೀಪ ಹಚ್ಚುವುದು ಬೇಡವೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಯಾರೂ ಹಚ್ಚಲೂ ಇಲ್ಲ. ನಾದಿನಿ ದೂರದಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದಳು. ಗಂಡ ಹೆಂಡತಿ ವ್ಯಾನಿನ ಹಿಂಬಾಗಿಲು ತೆರೆದು ಕಾಲು ಇಳಿಬಿಟ್ಟು ಕೂತಿದ್ದರು.

“ನಂಗೆ ಒಂದು ದಿನಾನೂ ಹೆದರಿಕೆ ಆಗಲಿಲ್ಲ, ಗೊತ್ತಾ?” ಎಂದ ಮಾಮ, ಕೇಳದೆಯೇ. “ಸುಖವಾಗಿತ್ತು. ಯಾರೋ ನಂಗೋಸ್ಕರಾನೇ ಕಾದು ಕೂತಿದಾರೆ ಅನ್ನೋ ಹಾಗೆ. ಹಾಗನ್ನಿಸೋದು ಎಷ್ಟು ಚೆನ್ನಾಗಿರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ.”

ದಬ್ಬಳದಕ್ಕ ಗಾಳಿಪಟದ ಬಾಲಕ್ಕೆ ದಾರ ಸುತ್ತುತ್ತಿದ್ದಳು. ಕೈ ನಿಂತಿತು. ಹಲ್ಲಲ್ಲಿದ್ದ ದಾರ ತೆಗೆದಳು.

“ದಿನಾ ಸಾಯಂಕಾಲ ಎಲ್ಲಾ ಅಂಗಡಿಯೋರೂ ಹೋದ ಮೇಲೂ ನಾನೊಬ್ಬಳೇ ಬಾಗಿಲು ತೆಗೆದುಕೊಂಡು ಇರ್ತೀನಲ್ಲ. ಯಾಕೆ ಅಂದ್ಕೊಂಡಿದೀರಿ?”

“ಕೆಲಸ ಜಾಸ್ತಿ ಇರುತ್ತೆ ಅಂತ.”

“ಆ ಹೊತ್ತಿಗೆ ಬೆಳಕೇ ಇರಲ್ಲ. ಸೂಜಿ ಕಣ್ಣು ಕೂಡ ಕಾಣಿಸಲ್ಲ. ನಿಮ್ಮ ವ್ಯಾನ್ ಸದ್ದು ಕೇಳಿದ ಮೇಲೇ ನಾನು ಷಟರ್ ಎಳೆಯೋದು.”

ಮಾಮ ಅವಳ ಪಕ್ಕಕ್ಕೆ ಸರಿದು ಕೂತ. ಅಲೆಯೊಂದು ಬಂದು ವ್ಯಾನಿನ ಚಕ್ರದವರೆಗೂ ನೊರೆ ಬಿಟ್ಟು ಹೋಯಿತು. “ನೀರು ಏರ್ತಿದೆ, ಬನ್ನಿ!” ಎಂದು ನಾದಿನಿ ಕೂಗಿಕೊಂಡು ಓಡಿಬಂದಳು. ಮೂವರೂ ಸೇರಿ ಡೇರೆ ಕಿತ್ತು, ಒದ್ದೆ ಹಗ್ಗಗಳ ಸಮೇತ ವ್ಯಾನಿಗೆ ತುರುಕಿ, ಮರಳಿನಲ್ಲಿ ಹೂತ ಚಕ್ರವನ್ನು ಒಂದೇ ಉಸಿರಿಗೆ ತಳ್ಳಿದರು.